ಗುತ್ತಿಗೆಯ ಹಂದಿ, ಕುತ್ತಿಗೆಯ ಪಟ್ಟಿ

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ಎಲ್ಲರ ನೀರಿಗೂ ಒಂದೇ ಹೊಂಡ ಗತಿ. ಪ್ರತಿ ವರ್ಷ ಮಳೆ ಬೀಳುವ ಮೊದಲೇ ಅದರ ಹೂಳು ತೆಗೆಸಬೇಕು. ಆ ಕೆಲಸವನ್ನು ಗುತ್ತಿಗೆ ಕೊಡುವವಳು ಒಬ್ಬ ಮುದಿ ಆನೆ. ಎಲ್ಲರೂ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಕೂಲಿ ಗೆಡ್ಡೆಗೆಣಸಿನ ರೂಪದಲ್ಲಿ.

ಒಂದು ವರ್ಷ ಕೋರಪ್ಪ ಎಂಬ ಕಾಡುಹಂದಿ ಗುತ್ತಿಗೆ ಹಿಡಿದ. ಮೂತಿಯಿಂದ ಮೇಲೆ ಮೇಲೆ ಕೆದಕಿದ. ಎಲ್ಲಿಂದಲೋ ಮಣ್ಣು ತಂದು ದಡದಲ್ಲಿ ಗುಡ್ಡೆ ಹಾಕಿದ. "ದೊಡ್ಡಮ್ಮ, ಮಳೆ ಬಂದ ಮೇಲೆ ನೀವು ಇಳಿದರೆ ಸೊಂಡಿಲಿನ ತುದಿ ಮಾತ್ರ ಕಾಣುತ್ತದೆ, ಅಷ್ಟು ಆಳ!" ಎಂದ. ಗೆಣಸು ತಿಂದು ತೇಗಿದ.

ಮಳೆ ಬಂತು, ಹೊಂಡ ತುಂಬಿತು. ತುಂಬಿದ ಹೊಂಡದ ಆಳ ಯಾರಿಗೆ ಗೊತ್ತಾಗುತ್ತದೆ? ಬೇಸಿಗೆ ಕಣ್ಣು ಬಿಡುವಷ್ಟರಲ್ಲಿ ಅದು ಒಣಗಿ ಬಿರುಕು ಬಿಟ್ಟಿತು. ಜಿಂಕೆಗಳು ಮರಿ ಕಟ್ಟಿಕೊಂಡು ಮೊಸಳೆಯಿರುವ ಹೊಳೆಗೆ ಹೋಗಬೇಕಾಯಿತು. ಹೋದಷ್ಟು ಮರಿಗಳು ತಿರುಗಿ ಬರಲಿಲ್ಲ.

ದೊಡ್ಡಮ್ಮನಿಗೆ ಸಿಟ್ಟು ನೆತ್ತಿಗೇರಿತು. ಕೋರಪ್ಪನಿಗೆ ಇನ್ನು ಕಪ್ಪು ಪಟ್ಟಿಯೇ ಸರಿ ಎಂದಳು. ಆ ಕಾಡಿನಲ್ಲಿ ಯಾರಿಗೂ ಓದುಬರಹ ಬಾರದು. ಹಾಗಾಗಿ ಅಲ್ಲಿ ಹೆಸರನ್ನು ಪಟ್ಟಿಗೆ ಸೇರಿಸುವುದಿಲ್ಲ, ಕಪ್ಪು ನಾರಿನ ಪಟ್ಟಿಯನ್ನೇ ಕುತ್ತಿಗೆಗೆ ಕಟ್ಟುತ್ತಾರೆ. ಅದು ಇರುವವರೆಗೆ ಗುತ್ತಿಗೆ ಇಲ್ಲ. ಕೋರಪ್ಪ ನೆರಳಿನಲ್ಲಿ ಗೊರಕೆ ಹೊಡೆಯುತ್ತಿದ್ದಾಗ ದೊಡ್ಡಮ್ಮ ಕಟ್ಟಿಯೇ ಬಿಟ್ಟಳು.

ಎಚ್ಚರವಾದ ಕೋರಪ್ಪ ಓಡಿದ್ದು ಗೊರವಂಕ ಹಕ್ಕಿಯ ಬಳಿಗೆ. ಕಾಡಿನ ವಕೀಲಿಕೆಯೆಲ್ಲ ಅವನದೇ.

"ವಕೀಲರೇ, ನನ್ನ ಮಾನ ಹೋಯಿತು!"

"ಮಾನದ ಮಾತು ಆಮೇಲೆ. ಹೊಂಡ ತೋಡಿದ್ದೆಯಾ?"

"ಅದನ್ನು ಬಿಡಿ."

"ಬಿಟ್ಟೆ. ಪಟ್ಟಿ ಕಟ್ಟುವ ಮೊದಲು ನಿನ್ನನ್ನು ಒಂದು ಮಾತು ಕೇಳಿದರಾ?"

"ಇಲ್ಲ."

"ಹಾಗಾದರೆ ಗೆದ್ದೆವು ಬಿಡು!"

ನ್ಯಾಯ ಹೇಳುವವನು ಆಮೆಯಜ್ಜ. ನ್ಯಾಯಾಲಯ ಎಂದರೆ ಅವನು ಕೂರುವ ಬಂಡೆ. ಗೊರವಂಕ ರೆಕ್ಕೆ ಬಡಿದು ವಾದಿಸಿದ. "ಸ್ವಾಮಿ, ಇವನು ಕಳ್ಳನೇ ಇರಲಿ! ಕೇಳದೆ ಕಟ್ಟಬಹುದೇ?"

"ಕಳ್ಳ ಅಂತ ಯಾಕೆ ಹೇಳಿದಿರಿ?" ಎಂದು ಕೋರಪ್ಪ ಪಿಸುಗುಟ್ಟಿದ.

"ಸುಮ್ಮನಿರಯ್ಯ, ಅದು ವಾದ."

ಆಮೆಯಜ್ಜ "ಯೋಚಿಸಬೇಕಾದ ಮಾತು" ಎಂದು ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ. ಅವನು ತಲೆ ಎಳೆದುಕೊಂಡರೆ ವಿಚಾರಣೆ ಮುಂದೆ ಹೋದ ಹಾಗೆ. ಮತ್ತೆ ಯಾವಾಗ ತಲೆ ಹೊರಗೆ ಬರುತ್ತದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ತಲೆ ಹೊರಗೆ ಬರಲಿಲ್ಲ. ಮೋಡ ಮಾತ್ರ ಬಂತು. ಈ ಸಲವಾದರೂ ಹೊಂಡ ಸರಿಯಾಗಿ ತೋಡದಿದ್ದರೆ ಮುಂದಿನ ಬೇಸಿಗೆಗೂ ಹೊಳೆಯೇ ಗತಿ, ಮೊಸಳೆಯೇ ಗತಿ. ಹೊಸ ಗುತ್ತಿಗೆಗೆ ಬನ್ನಿ ಎಂದು ದೊಡ್ಡಮ್ಮ ಕರೆದಳು. ಮುಳ್ಳುಹಂದಿ ಗಂಡಹೆಂಡಿರು ಬಂದರು, ಹೆಚ್ಚು ಗೆಣಸು ಕೇಳಿದರು.

ಕೋರಪ್ಪನ ಬಾಯಲ್ಲಿ ನೀರೂರಿತು. ನೀರಿಲ್ಲದೆ ಅವನೂ ಸೊರಗಿದ್ದ. ಪಟ್ಟಿ ಸಡಿಲವಾಗಿತ್ತು. ಅದನ್ನು ಕಳಚಿ ಪೊದೆಯಲ್ಲಿ ಸಿಕ್ಕಿಸಿ, ಬೋಳು ಕುತ್ತಿಗೆಯಲ್ಲಿ ದೊಡ್ಡಮ್ಮನ ಮುಂದೆ ನಿಂತ.

"ನಾನು ಗೋರಪ್ಪ, ಪಕ್ಕದ ಕಾಡಿನವನು. ಅರ್ಧ ಗೆಣಸಿಗೆ ಮಾಡಿಕೊಡುತ್ತೇನೆ."

"ಥೇಟ್ ಕೋರಪ್ಪನ ಹಾಗೇ ಇದ್ದೀಯಲ್ಲೋ?"

"ಅವನ ತಮ್ಮ, ದೊಡ್ಡಮ್ಮ."

"ಕೈಗುಣವೂ ಅಣ್ಣನದೇನಾ?"

"ಅಯ್ಯೋ, ಅವನ ಸುದ್ದಿ ಎತ್ತಬೇಡಿ! ಮೋಸಗಾರ! ಹೊಂಡ ತೋಡಲೇ ಇಲ್ಲ, ಬರೀ ಕೆದಕಿದ. ದಡದ ಮಣ್ಣು ಹೊರಗಿನಿಂದ ಹೊತ್ತು ತಂದದ್ದು."

ದೊಡ್ಡಮ್ಮ ಸೊಂಡಿಲು ಚಾಚಿ ಅವನ ಬೆನ್ನನ್ನು ನಿಧಾನವಾಗಿ ಮೂಸಿದಳು. "ಇದನ್ನೇ ಆಮೆಯಜ್ಜನ ಮುಂದೆ ಹೇಳಪ್ಪ. ಹೇಳಿದರೆ ಗುತ್ತಿಗೆ ನಿನಗೆ" ಎಂದಳು.

ಮಾರನೆಯ ದಿನವೇ ಆಮೆಯಜ್ಜನ ತಲೆ ಹೊರಗೆ ಬಂತು. ಕಾಡೆಲ್ಲ ಬಂಡೆಯ ಸುತ್ತ ಸೇರಿತು. ಕೋರಪ್ಪ ಪಟ್ಟಿ ಹಾಕಿಕೊಂಡು ನಿಂತಿದ್ದ.

"ಕೇಳದೆ ಕಟ್ಟಿದ್ದು ತಪ್ಪು, ದೊಡ್ಡಮ್ಮ" ಎಂದ ಆಮೆಯಜ್ಜ. ಗೊರವಂಕ ಒಂದು ಲಾಗ ಹಾಕಿದ. "ಹಾರಬೇಡಿ ವಕೀಲರೇ. ಕೇಳುವುದನ್ನು ಈಗ ಕೇಳುತ್ತೇನೆ. ದೊಡ್ಡಮ್ಮ, ನಿನ್ನ ಸಾಕ್ಷಿ ಯಾರು?"

"ಇವನ ತಮ್ಮ ಗೋರಪ್ಪ, ಸ್ವಾಮಿ."

ಕೋರಪ್ಪ ಬೆವರಿದ. "ಸ್ವಾಮಿ, ಒಂದು ನಿಮಿಷ, ಹೊಟ್ಟೆ ಕೆಟ್ಟಿದೆ" ಎಂದು ಪೊದೆಯ ಹಿಂದೆ ಓಡಿದ. ಆ ಕಡೆಯಿಂದ ಬೋಳು ಕುತ್ತಿಗೆಯ ಗೋರಪ್ಪ ಬಂದ. ಗುತ್ತಿಗೆ ಬೇಕಲ್ಲ! ಅಣ್ಣನನ್ನು ಬಾಯಿಗೆ ಬಂದ ಹಾಗೆ ಬೈದ.

"ಇದಕ್ಕೆ ಕೋರಪ್ಪ ಏನೆನ್ನುತ್ತಾನೆ? ಕರೆಯಿರಿ" ಎಂದ ಆಮೆಯಜ್ಜ.

ಗೋರಪ್ಪ ಪೊದೆಗೆ ಓಡಿದ. ಪಟ್ಟಿ ತೊಟ್ಟ ಕೋರಪ್ಪ ಬಂದ. "ಎಲ್ಲಾ ಸುಳ್ಳು, ಸ್ವಾಮಿ! ನನ್ನ ತಮ್ಮನ ಬಾಯಲ್ಲಿ ನಿಜ ಹುಟ್ಟಿದ್ದೇ ಇಲ್ಲ. ಅವನಿಗೆ ಗುತ್ತಿಗೆ ಕೊಟ್ಟರೆ ಹೊಂಡಕ್ಕೆ ಎಳ್ಳುನೀರು ಬಿಟ್ಟ ಹಾಗೆ!"

"ಇದಕ್ಕೆ ಗೋರಪ್ಪ ಏನೆನ್ನುತ್ತಾನೆ?"

ಮತ್ತೆ ಪೊದೆ. ಮತ್ತೆ ಬೈಗುಳ. ಮತ್ತೆ ಪೊದೆ. ಕೋತಿಗಳು ಕೊಂಬೆಯ ಮೇಲೆ ಬಿದ್ದು ಬಿದ್ದು ನಕ್ಕವು. ಕೊನೆಗೆ ಅವನು ನಾಲಿಗೆ ಹೊರಚಾಚಿ ಏದುತ್ತ ಬಂದಾಗ ಪಟ್ಟಿ ಒಂದು ಕಿವಿಗೆ ನೇತಾಡುತ್ತಿತ್ತು.

"ಈಗ ಬಂದಿರುವವನು ಯಾರಪ್ಪ?" ಎಂದು ಆಮೆಯಜ್ಜ ಕೇಳಿದ.

ಹಂದಿ ಗೊರವಂಕನ ಕಡೆ ತಿರುಗಿತು. "ವಕೀಲರೇ, ಈಗ ನಾನು ಯಾರು?"

"ನನಗೆ ಬರಬೇಕಾದ ಹುಳ ಮೊದಲು ಕೊಡು, ಆಮೇಲೆ ಹೇಳುತ್ತೇನೆ" ಎಂದು ಗೊರವಂಕ ಹಾರಿಯೇ ಹೋದ.

ನಗು ನಿಲ್ಲುವವರೆಗೆ ಆಮೆಯಜ್ಜ ಕಾದ. ಆಮೇಲೆ ತೀರ್ಪು ಹೇಳಿದ. "ಹಳೆಯ ಪಟ್ಟಿಯನ್ನು ಕೇಳದೆ ಕಟ್ಟಿದ್ದರು, ಅದನ್ನು ತೆಗೆದುಹಾಕಿ. ಈಗ ಕೇಳಿದ್ದಾಯಿತು. ಅಣ್ಣ ಮೋಸಗಾರ ಎಂದು ತಮ್ಮ ಹೇಳಿದ. ತಮ್ಮ ಮೋಸಗಾರ ಎಂದು ಅಣ್ಣ ಹೇಳಿದ. ನಾನು ಇಬ್ಬರನ್ನೂ ನಂಬಿದೆ. ಎರಡು ಪಟ್ಟಿ ಕಟ್ಟಿ. ಒಂದೊಂದಕ್ಕೆ ಒಂದೊಂದು ಮಳೆಗಾಲ, ಎರಡೂ ಮುಗಿಯುವವರೆಗೆ ಯಾವುದನ್ನೂ ಬಿಚ್ಚಬೇಡಿ."

"ಸ್ವಾಮಿ, ಇರುವುದು ಒಂದೇ ಕುತ್ತಿಗೆ!"

"ಅದನ್ನು ನೀನು ಮೊದಲೇ ಹೇಳಬೇಕಿತ್ತು" ಎಂದು ಆಮೆಯಜ್ಜ ತಲೆ ಒಳಗೆ ಎಳೆದುಕೊಂಡ.

ಗುತ್ತಿಗೆ ಮುಳ್ಳುಹಂದಿಗಳಿಗೆ ಹೋಯಿತು. ಅವರು ಮೊದಲ ಮಳೆಯ ತನಕ ತೋಡಿದರು. ಮರು ಬೇಸಿಗೆಯಲ್ಲಿ ಜಿಂಕೆಗಳು ಹೊಳೆಯ ದಾರಿ ಹಿಡಿಯಲಿಲ್ಲ. ಒಂದು ಸಂಜೆ ಹಂದಿಯೂ ನೀರಿಗೆ ಬಂತು, ಕುತ್ತಿಗೆಯಲ್ಲಿ ಎರಡು ಪಟ್ಟಿ.

"ಮಾವ, ಬಂದಿರುವುದು ಅಣ್ಣನೋ ತಮ್ಮನೋ?" ಎಂದು ಜಿಂಕೆಮರಿ ಕೇಳಿತು.

ಉತ್ತರ ಕೊಡಬೇಕಾದೀತೆಂದು ಹಂದಿ ಬೇಗ ಮೂತಿಯನ್ನು ನೀರಿಗೆ ಇಳಿಸಿತು. ಹೊಂಡ ಆಳವಾಗಿತ್ತು. ಕಿವಿಯವರೆಗೂ ಮುಳುಗಿತು.

ನೀತಿ: ನನ್ನ ಮಾತೂ ಕೇಳಿ ಎನ್ನುವ ಹಕ್ಕು ತಪ್ಪು ಮಾಡಿದವನಿಗೂ ಉಂಟು; ಆದರೆ ಎರಡು ನಾಲಿಗೆ ಇಟ್ಟುಕೊಂಡವನಿಗೆ ಅವನ ಮಾತೇ ಮುಳುವು.