ಅಕ್ಕೋರ ಕರಿ ಐದು

ನಮ್ಮ ಊರಿನ ಕನ್ನಡ ಶಾಲೆಯಲ್ಲಿ ಮಂದಾಕಿನಿ ಅಕ್ಕೋರು ಅಂತ ಇದ್ದರು. ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ಕನ್ನಡ, ಗಣಿತ, ಸಂಗೀತ ಮೂರೂ ಅವರದೇ. ಮಗ್ಗಿಯನ್ನೂ ರಾಗ ಹಾಕಿ ಹೇಳಿಸುತ್ತಿದ್ದರು. ಹದಿನೇಳರ ಮಗ್ಗಿ ನನಗೆ ಇವತ್ತಿಗೂ ಹಾಡಿದರೆ ಮಾತ್ರ ಬರುತ್ತದೆ. ನಗಬೇಡಿ ಮಕ್ಕಳೇ, ಖರೇನೇ!

ಮೂವತ್ತನಾಲ್ಕು ವರ್ಷ ದುಡಿದರು. ಮೈ ಕಾದರೂ ರಜೆ ಹಾಕಿದವರಲ್ಲ. ಬೆಳಗಿನ ಪ್ರಾರ್ಥನೆಗೆ ಹಾರ್ಮೋನಿಯಂ ಮುಂದೆ ಕೂತು ಐದನೇ ಕರಿ ಪಟ್ಟಿ, ಅಂದರೆ ಕರಿ ಐದು, ಒತ್ತುತ್ತಿದ್ದರು. ಆ ಸ್ವರಕ್ಕೆ ಎಲ್ಲರೂ ಕೊರಳು ಕೂಡಿಸಬೇಕು. ಕೂಡಿಸಲಾರದ ಮಗುವಿನ ಕಿವಿಯಲ್ಲಿ ಮೆಲ್ಲಗೆ, "ನೀ ಬರೇ ತುಟಿ ಅಲುಗಾಡಸು" ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು. ನನಗೂ ಅಂದಿದ್ದರು.

ಅವರ ನೌಕರಿಯ ಕೊನೆಯ ವರ್ಷ ಆರನೇ ಇಯತ್ತೆಯ ಕಸ್ತೂರಿಗೂ ಹಾಗೇ ಅಂದರು. ಪಾಪ, ಹೇಳಿದ ಮಾತು ಮೀರದ ಹುಡುಗಿ. ವಾರ ಕಳೆಯಿತು. ಪಾಠ ಓದು ಅಂತ ಎಬ್ಬಿಸಿದರೆ, ಪುಸ್ತಕ ಹಿಡಿದು ನಿಂತಳು. ತುಟಿ ಅಲುಗಾಡಿದವು. ದನಿಯೇ ಇಲ್ಲ!

ಅಕ್ಕೋರು ಶಾಲೆ ಬಿಟ್ಟ ಕೂಡಲೇ ಅವಳ ಮನೆಗೆ ಹೋದರು. ಒಳಗೆ ಕಸ್ತೂರಿ ತಮ್ಮನ ತೊಟ್ಟಿಲು ತೂಗುತ್ತ ಹಾಡುತ್ತಿದ್ದಳು. ಅದೇ ಶಾಲೆಯ ಪ್ರಾರ್ಥನೆ. ಒಂದು ಸ್ವರವೂ ತಪ್ಪಿರಲಿಲ್ಲ. ದನಿ ಮಾತ್ರ ದಪ್ಪ, ತಗ್ಗಿನದು.

ಮರುದಿನ ಗಂಟೆ ಹೊಡೆಯುವ ಮೊದಲೇ ಅವಳನ್ನು ಕೂರಿಸಿಕೊಂಡು ಹಾಡಿಸಿ, ಒಂದೊಂದೇ ಪಟ್ಟಿ ಒತ್ತಿ ನೋಡಿದರು. ಅವಳ ಸ್ವರ ಮೂರನೇ ಕರಿ ಪಟ್ಟಿಗೆ ಹಾಲು ಸಕ್ಕರೆಯ ಹಾಗೆ ಕೂಡಿತು.

ಕರಿ ಐದು ಅಕ್ಕೋರಿಗೆ ಅವರ ಸಂಗೀತದ ಗುರುಗಳು ಕೊಟ್ಟ ಶ್ರುತಿ. ಆಗ ಅಕ್ಕೋರು ಸಣ್ಣ ಹುಡುಗಿ, ಅವರ ತೆಳು ಕೊರಳಿಗೆ ಅದು ಸರಿಹೊಂದಿತ್ತು. ಗುರುಗಳು ಕೊಟ್ಟದ್ದನ್ನು ಬದಲಿಸಬಾರದು ಅಂತ, ಬಂದ ಮಕ್ಕಳಿಗೆಲ್ಲ ಅದನ್ನೇ ಹಚ್ಚಿಬಿಟ್ಟಿದ್ದರು.

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ, ಅಂತಾರ. ಇಲ್ಲಿ ನೆಲಾನ ಡೊಂಕಿತ್ತಲ್ಲವಾ ನಮ್ಮವ್ವ! ತಪ್ಪು ನಿಂದಲ್ಲ, ನಂದು" ಅಂದು ಕಸ್ತೂರಿಯ ಕೈ ಹಿಡಿದುಕೊಂಡರು.

ಅಂದು ಪ್ರಾರ್ಥನೆ ಕರಿ ಮೂರರಲ್ಲಿ ನಡೆಯಿತು. ಹೆಡ್‌ಮಾಸ್ತರರು ಹುಬ್ಬೇರಿಸಿದರು. "ಅಕ್ಕೋರ, ಯಾಕೋ ಇಳಿದಂಗ ಕೇಳತದಲ್ರಿ?"

"ನಾನ ಇಳಿಸೀನ್ರಿ ಸರ. ಎಲ್ಲಾರಿಗೂ ಎಟುಕಬೇಕಲ್ರಿ."

ಮಧ್ಯಾಹ್ನ ಕಸ್ತೂರಿ ಎದ್ದು ನಿಂತು ಇಡೀ ಪಾಠವನ್ನು ಗಟ್ಟಿಯಾಗಿ ಓದಿದಳು.

ಅಷ್ಟಕ್ಕೇ ಬಿಟ್ಟರೆ ಅವರು ಮಂದಾಕಿನಿ ಅಕ್ಕೋರೇ ಅಲ್ಲ. ನಿವೃತ್ತರಾದ ಮೇಲೆ ಹಾರ್ಮೋನಿಯಂ ಆಟೋದಲ್ಲಿಟ್ಟುಕೊಂಡು, ಹಿಂದೆ ಯಾರ್‍ಯಾರನ್ನು ಸುಮ್ಮನಾಗಿಸಿದ್ದರೋ ಅವರ ಮನೆ ಹುಡುಕಿ ಹೊರಟರು. ಒಂದು ದಿನ ನನ್ನ ಟೇಲರ್ ಅಂಗಡಿಯ ಮುಂದೂ ಇಳಿದರು.

"ತಮ್ಮಾ, ನಿನಗ ತುಟಿ ಅಲುಗಾಡಸು ಅಂದಿದ್ದೆ. ತಪ್ಪಾತು ನಂದು. ಈಗ ಹಾಡು."

ನನಗೆ ಆಗಲೇ ನಲವತ್ತಾರು. ಕೊರಳಲ್ಲಿ ಅಳತೆ ಟೇಪು. "ಬಿಡ್ರಿ ಅಕ್ಕೋರ, ಮಂದಿ ನಗತಾರ."

"ನಗಲಿ ಬಿಡು. ಹಾಡು."

ಹಾಡಿದೆ. ಅವರು ಕರಿ ಮೂರು ಒತ್ತಿದರು, ಬಿಳಿ ಎರಡು ಒತ್ತಿದರು, ಇದ್ದಬದ್ದ ಪಟ್ಟಿಗಳನ್ನೆಲ್ಲ ಒತ್ತಿದರು. ನನ್ನ ಕೊರಳು ಯಾವುದಕ್ಕೂ ಕೂಡಲಿಲ್ಲ. ನಾನು ನಿಜಕ್ಕೂ ಬೇಸೂರ! ಅಕ್ಕೋರಿಗೆ ಅದು ತಿಳಿಯದೇ ಇರುತ್ತದೆಯೇ? ಬಾಯಿತುಂಬ ನಕ್ಕರು. ನನಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಆದರೆ ಅವರು ನಿಲ್ಲಿಸು ಅನ್ನಲಿಲ್ಲ. ಹಾಡು ಮುಗಿಯುವವರೆಗೂ ನನ್ನ ಜೊತೆ ಬಾರಿಸಿದರು.

ನೀತಿ: ಕಲಿಯುವವರದು ತಪ್ಪು ಅನ್ನುವ ಮೊದಲು ನಮ್ಮ ಅಳತೆ ಸರಿಯಿದೆಯೇ ನೋಡಿಕೊಳ್ಳಬೇಕು. ತನ್ನ ತಪ್ಪನ್ನು ಶಿಷ್ಯನ ಬಾಗಿಲಿಗೆ ಹೋಗಿ ಒಪ್ಪಿಕೊಳ್ಳುವ ಗುರು ಸಿಕ್ಕರೆ, ಆ ಋಣ ಎಂದೂ ಮರೆಯಬಾರದು.