ಪಕ್ಕದ ಮನೆಯ ಷಡ್ಜ

"ಗುರುಗಳೇ, ನರಹರಿ ನನಗಿಂತ ಆಮೇಲೆ ಬಂದವನು. ಅವನಿಗಾಗಲೇ ಮೇಲಿನ ಪಾಠದ ವರ್ಣ ಹೇಳಿಕೊಡುತ್ತಿದ್ದೀರಿ. ನನಗೆ ಇನ್ನೂ ಮೊದಲ ಪಾಠದ ಸರಳೆ ವರಸೆ. ನಾನು ಮಾಡಿದ ತಪ್ಪಾದರೂ ಏನು?" ಎಂದು ಶ್ರೀಕಂಠ ಕೇಳಿದ.

ನರಹರಿಯ ಹಾಡು ಕಿವಿಗೆ ಬಿದ್ದರೆ ಸಾಕು, ಶ್ರೀಕಂಠನ ಹೊಟ್ಟೆಯೊಳಗೆ ಬೆಂಕಿ ಬೀಳುತ್ತಿತ್ತು. ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಇವತ್ತು ವರ್ಣ ಸಿಗದಿದ್ದರೆ ಸಂಗೀತವನ್ನೇ ಬಿಟ್ಟು ಊರಿಗೆ ಹೋಗುವುದೆಂದು ಗಂಟು ಕಟ್ಟಿಕೊಂಡೇ ಬಂದಿದ್ದ.

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿದರು. "ಕೂತುಕೋ. ಹೋಗುವವನು ಒಂದು ಕತೆ ಕೇಳಿಕೊಂಡು ಹೋಗು" ಎಂದರು.

ಒಂದೂರಿನಲ್ಲಿ ಒಬ್ಬ ಗಾಯಕನಿದ್ದ. ಅವನದು ತಗ್ಗಿನ ಶ್ರುತಿ. ಮಂದ್ರದ ಕೆಳಸ್ವರಗಳಿಗೆ ಅವನು ಇಳಿದರೆ ಕೇಳಿದವರು ಕಣ್ಣು ಮುಚ್ಚಿ ಕೂರುತ್ತಿದ್ದರು. ಪಕ್ಕದ ಮನೆಗೆ ಇನ್ನೊಬ್ಬ ಗಾಯಕ ಬಾಡಿಗೆಗೆ ಬಂದ. ಅವನದು ಏರು ಶ್ರುತಿ. ಬಾಯಿ ಬಿಟ್ಟರೆ ಬೀದಿಯ ಕೊನೆಗೂ ಕೇಳುತ್ತಿತ್ತು. ಜನ ಹೊಸಬನ ಜಗಲಿಗೆ ಹೋಗತೊಡಗಿದರು. ಹಳಬನಿಗೆ ತಡೆಯಲಾಗಲಿಲ್ಲ. ಹೊಸಬನ ಷಡ್ಜ, ಅವನ 'ಸ', ಮೇಲಿದೆ, ಅಷ್ಟೇ ತಾನೆ ಎಂದುಕೊಂಡ. ತನ್ನ ತಂಬೂರಿಯ ಬಿರಡೆ ತಿರುವಿ, ತಂತಿಯನ್ನು ಪಕ್ಕದ ಮನೆಯ ಷಡ್ಜಕ್ಕೆ ಏರಿಸಿದ.

ಹೆಂಡತಿ ಒಳಗಿನಿಂದ ಬಂದು, "ಇದು ಆ ಮನೆಯವರ 'ಸ' ಅಲ್ಲವೇ? ನಿಮ್ಮದನ್ನು ಏನು ಮಾಡಿದಿರಿ?" ಎಂದಳು.

"'ಸ' ಅಂದರೆ 'ಸ'. ಅದಕ್ಕೂ ಮನೆ ಬಾಗಿಲು ಇದೆಯೇನೆ?" ಎಂದು ಅವನು ಗದರಿದ.

ಹುಲಿಯನ್ನು ನೋಡಿ ನರಿ ಬರೆ ಎಳೆದುಕೊಂಡಿತಂತೆ, ಹಾಗಾಯಿತು ನೋಡು. ಹಬ್ಬದ ದಿನ ಮಠದಲ್ಲಿ ಹಾಡಲು ಕೂತ. ಮಧ್ಯಮದವರೆಗೆ ಹೇಗೋ ಹೋದ. ಪಂಚಮಕ್ಕೆ ಕುತ್ತಿಗೆಯ ನರ ಉಬ್ಬಿತು. ಮೇಲಿನ ಷಡ್ಜ ಹಿಡಿಯಲು ಹೋದಾಗ ಗಂಟಲು ಒಡೆಯಿತು. ಆಮೇಲೆ ಹಳೆಯ ಶ್ರುತಿಗೆ ಇಳಿದರೂ ದನಿ ನಿಲ್ಲಲಿಲ್ಲ. ಇಲ್ಲದ್ದು ಬರಲಿಲ್ಲ, ಇದ್ದದ್ದೂ ಹೋಯಿತು.

ಪಕ್ಕದ ಮನೆಯವನು ಆರೋಗ್ಯ ವಿಚಾರಿಸಲು ಬಂದ. ಹೊಸಿಲಲ್ಲೇ ನಿಂತು ಅತ್ತುಬಿಟ್ಟ. "ಅಣ್ಣಾ, ನಿಮ್ಮ ಮಂದ್ರ ಕೇಳಬೇಕೆಂದೇ ನಾನು ಈ ಬೀದಿಯಲ್ಲಿ ಮನೆ ಹಿಡಿದಿದ್ದು. ಅದು ನನಗೆ ಈ ಜನ್ಮದಲ್ಲಿ ಬಾರದಲ್ಲ ಎಂದು ದಿನವೂ ಹೊಟ್ಟೆ ಉರಿದುಕೊಂಡಿದ್ದೇನೆ" ಎಂದ.

ಗುರುಗಳು ಕತೆ ನಿಲ್ಲಿಸಿದರು. ಶ್ರೀಕಂಠನಿಗೆ ಸಮಾಧಾನವಾಗಲಿಲ್ಲ.

"ನಾನು ವರ್ಣ ಕೇಳಿದೆ, ಗುರುಗಳೇ. ನರಹರಿಯ ಶ್ರುತಿಯನ್ನು ಕೇಳಲಿಲ್ಲವಲ್ಲ" ಎಂದ.

ಅಷ್ಟರಲ್ಲಿ ಹಿತ್ತಲಿನಲ್ಲಿ ನರಹರಿ ಹಾಡತೊಡಗಿದ. ಶ್ರೀಕಂಠನ ಮುಖ ತಾನಾಗಿ ಆ ಕಡೆ ತಿರುಗಿತು. ಗುರುಗಳು ಅದನ್ನು ನೋಡಿದರು.

"ಮಗೂ, 'ಸ' ಹೇಳು ಎಂದಾಗಲೆಲ್ಲ ನೀನು ಮನಸ್ಸಿನಲ್ಲಿ 'ನರಹರಿ' ಅನ್ನುತ್ತೀಯ, ಇನ್ನು 'ರಿ'ಯನ್ನು ನಾನು ಯಾರಿಗೆ ಹೇಳಿಕೊಡಲಿ?"