ಚಾವಟಿ ಮತ್ತು ಓಟ

"ನಮ್ಮ ಪಡೆಯ ಓಟದ ಪರೀಕ್ಷೆಯಿಂದ ಮೂರು ಒಗಟು ಹುಟ್ಟಿವೆ. ಬಿಡಿಸಿದವರಿಗೆ ದಳಪತಿಯ ಪಟ್ಟ. ತಪ್ಪಿದವರಿಗೆ ತಲೆದಂಡ" ಎಂದು ಹೊಳಲಕೋಟೆಯ ಅರಸ ಕೀರ್ತಿಪಾಲ ಡಂಗುರ ಸಾರಿಸಿದ.

ಮೊದಲು ನೆರೆನಾಡಿನ ಯುವರಾಜ ಬಂದ. ಅರಸ ಕೇಳಿದ: "ನನ್ನ ಪಡೆಯ ಒಬ್ಬ ಸಿಪಾಯಿಯನ್ನು ಯಾರೂ ಕಂಡಿಲ್ಲ. ಆದರೂ ಎಲ್ಲರನ್ನೂ ಅವನ ಪಕ್ಕ ಇಟ್ಟೇ ಅಳೆಯುತ್ತೇವೆ. ಯಾರವನು?"

"ಸತ್ತ ವೀರ."

ಕಾವಲಿನವರು ಅವನನ್ನು ಸೆರೆಮನೆಗೆ ಒಯ್ದರು.

ಆಮೇಲೆ ಸೇನಾನಿ ಬೊಪ್ಪರಸ ಬಂದ. "ಅವನು ಸರಾಸರಿ ಸಿಪಾಯಿ, ಮಹಾಸ್ವಾಮಿ. ಎಲ್ಲರ ಓಟ ಕೂಡಿಸಿ ತಲೆಗಿಷ್ಟು ಎಂದು ಹಂಚಿದಾಗ ಹುಟ್ಟುವವನು."

"ಸರಿ. ಮುಂದೆ ಬಂದು ಬಹುಮಾನ ಪಡೆದವರು ಮುಂದಿನ ಸಲ ನಿಧಾನವಾದರು. ಹಿಂದೆ ಬಿದ್ದು ಚಾವಟಿ ತಿಂದವರು ಚುರುಕಾದರು. ಯಾಕೆ?"

"ಚಾವಟಿಯ ಗುಣ."

"ನಾನೂ ಹಾಗೇ ನಂಬಿದ್ದೆ. ಆದರೆ ಬಹುಮಾನವೂ ಚಾವಟಿಯೂ ಇಲ್ಲದ ವರ್ಷವೂ ಹಾಗೇ ಆಯಿತು" ಎಂದ ಅರಸ. ಬೊಪ್ಪರಸನೂ ಸೆರೆ ಸೇರಿದ.

ಆಗ ಕಾಲಾಳು ಸೋವ ಮುಂದೆ ಬಂದ. ಬೆನ್ನ ಮೇಲೆ ಬಾಸುಂಡೆ ಇನ್ನೂ ಆರಿರಲಿಲ್ಲ.

"ಜೀವದ ಆಸೆ ಇಲ್ಲವೇನೋ?"

"ಇದೆ, ಮಹಾಸ್ವಾಮಿ. ನನ್ನ ತಮ್ಮ ಜ್ವರದಲ್ಲಿ ಓಡಿ ಹಿಂದೆ ಬಿದ್ದ. ನಾಳೆ ಅವನಿಗೂ ಚಾವಟಿಯಂತೆ. ಅದಕ್ಕೇ ಬಂದೆ."

"ಹಾಗಾದರೆ ಎರಡನೆಯದನ್ನು ಬಿಡಿಸು."

"ಹೋದ ಸಲ ಮೊದಲಿಗನಾಗಿ ಬಂದವನು ನಾನೇ. ಅಂದು ತಂಪು ಗಾಳಿಯಿತ್ತು, ಮೈ ಹಗುರವಾಗಿತ್ತು. ಈ ಸಲ ಕಾಲು ಉಳುಕಿ ಹಿಂದೆ ಬಿದ್ದೆ. ತೀರಾ ಮುಂದೆ ಬಂದವರಿಗೆ ಆ ದಿನ ಅದೃಷ್ಟ ಒದಗಿರುತ್ತದೆ, ತೀರಾ ಹಿಂದೆ ಬಿದ್ದವರಿಗೆ ಕೈಕೊಟ್ಟಿರುತ್ತದೆ. ಮುಂದಿನ ಸಲ ಇಬ್ಬರೂ ತಮ್ಮ ಮಾಮೂಲಿ ಓಟಕ್ಕೆ ಮರಳುತ್ತಾರೆ. ಹೊಡೆದದ್ದು ವ್ಯರ್ಥ, ಮಹಾಸ್ವಾಮಿ."

ಅರಸ ತಲೆದೂಗಿದ. ಕೊನೆಯದನ್ನು ಕೇಳಿದ: "ಪಡೆಯಲ್ಲಿ ಐವತ್ತು ದಾಟಿದವರು ಹುಡುಗರಿಗಿಂತ ಚೆನ್ನಾಗಿ ಓಡುತ್ತಾರೆ. ಮುಪ್ಪು ಕಾಲಿಗೆ ಬಲ ಕೊಡುತ್ತದೆಯೇ?"

ಸೋವನಿಗೆ ಹೊಸಿಲಲ್ಲಿ ಕುಂಟುತ್ತಿದ್ದ ಅಪ್ಪ ನೆನಪಾದ.

"ನಮ್ಮಪ್ಪನೂ ಈ ಪಡೆಯಲ್ಲಿದ್ದ. ಮಂಡಿ ಸೋತಾಗ ಮನೆಗೆ ಕಳಿಸಿದಿರಿ. ಅವನಂಥವರೆಲ್ಲ ಹೋದ ಮೇಲೆ ಉಳಿದ ಮುದುಕರು ಗಟ್ಟಿಗರು ಮಾತ್ರ. ನೀವು ಅಳೆಯುವುದು ಉಳಿದವರನ್ನಷ್ಟೇ."

ಅರಸ ಸಿಂಹಾಸನದಿಂದ ಎದ್ದ. "ಪಟ್ಟ ನಿನ್ನದು. ಇನ್ನೇನು ಬೇಕು, ಕೇಳಪ್ಪ."

"ಸೆರೆಯಲ್ಲಿರುವ ಇಬ್ಬರ ಜೀವ ಉಳಿಸಿ."

ಅರಸ ಒಪ್ಪಿದ. ಹೊಸ ದಳಪತಿ ಮೊದಲ ದಿನವೇ ಚಾವಟಿ ನಿಲ್ಲಿಸಿದ. ಒಂದೇ ಓಟ ನೋಡಿ ಯಾರನ್ನೂ ತೂಗಬಾರದೆಂದ. ಜ್ವರ ಬಿಟ್ಟ ಮೇಲೆ ತಮ್ಮ ಮತ್ತೆ ಓಡಿ, ಗುಂಪಿನ ನಡುವೆ ಬಂದು ಸೇರಿದ. ಸೋವ ಗುರಿಯ ಬಳಿ ನಿಂತು ಬಂದವರಿಗೆಲ್ಲ ಕೈಯಾರೆ ನೀರು ಕೊಟ್ಟ.